ಅಪ್‌ಡೇಟ್: ಶಿಶ್ನದ ಗಾತ್ರದ ಚಿಂತೆ, ಡಾಕ್ಟರ್ ಹೇಳಿದ್ದು

ಮದುವೆ ಹತ್ತಿರ ಬಂತು, ನನ್ನದು ಚಿಕ್ಕದೇನೋ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

‘ಸುಮ್ನೆ ಯೂರಾಲಜಿಸ್ಟ್ (ಮೂತ್ರಾಂಗ, ಜನನಾಂಗದ ಡಾಕ್ಟರ್) ಹತ್ತಿರ ಹೋಗು’ ಎಂದವರಿಗೆ ತುಂಬಾ ಥ್ಯಾಂಕ್ಸ್. ಶಿರಸಿಯಿಂದ ಹುಬ್ಬಳ್ಳಿ ಬಸ್ ಹತ್ತಿದೆ. ಡಾಕ್ಟರ್ ಸ್ಕೇಲನ್ನು ಮೇಲ್ಭಾಗದಲ್ಲಿಟ್ಟು, ಬುಡದ ಹಿಂದಿನ ಮೂಳೆಗೆ ತಾಗುವ ತನಕ ಒತ್ತಿ ಅಳೆದರು. ಪೂರ್ತಿ ನಾರ್ಮಲ್! 2015ರಲ್ಲಿ 15,000ಕ್ಕೂ ಹೆಚ್ಚು ಗಂಡಸರ ಅಳತೆ ಒಟ್ಟು ಮಾಡಿದಾಗ, ನಿಮಿರಿದಾಗಿನ ಸರಾಸರಿ ಸುಮಾರು 13 ಸೆಂ.ಮೀ., ಸಡಿಲವಿದ್ದಾಗ 9 ಬಂದಿತ್ತು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಹೊಟ್ಟೆ ಕೆಳಗಿನ ಕೊಬ್ಬು ಬುಡವನ್ನೇ ಮುಚ್ಚಿಬಿಡುತ್ತದೆ. ಮೇಲಿಂದ ಬಗ್ಗಿ ನೋಡಿದರಂತೂ ಇನ್ನೂ ಗಿಡ್ಡ ಕಾಣುತ್ತದೆ. ಅಲ್ವಾ, ನಾವು ನೋಡೋದೇ ಹಾಗೆ!

ಎಣ್ಣೆ ತಿಕ್ಕಿ ಏನೂ ಆಗಲಿಲ್ಲ. ಉದ್ದ ಮಾಡುವ ಮಾತ್ರೆಯೂ ಇಲ್ಲವಂತೆ, ದಯವಿಟ್ಟು ಅಂಥದ್ದನ್ನು ತಗೋ ಅಂತ ಯಾರಿಗೂ ಹೇಳಬೇಡಿ, ದುಡ್ಡು ದಂಡ. ತುಳಸಿ ಮದುವೆ ಕಳೆದ ಮೇಲೆ ಕುಮಟಾದಲ್ಲಿ ನನ್ನ ಮದುವೆ.