ಮಹಿಳಾ ರಗ್ಬಿ: ಮೂರು ಪಾಯಿಂಟ್ ಕೈಯಲ್ಲಿದ್ದರೂ ಚೆಂಡನ್ನು ಮೂಲೆಗೆ ಒದೆಯುವುದು ಯಾಕೆ?

ಗೋಣಿಕೊಪ್ಪದ ಲೆಫ್ಟ್‌ಹಾಫ್

ನಮ್ಮದು ಹಾಕಿ ನೋಡಿ ಬೆಳೆದ ಗುಂಪು. 2025ರ ಮಹಿಳಾ ರಗ್ಬಿ ವಿಶ್ವಕಪ್‌ನಿಂದ ಈಚೆಗೆ ಎಲ್ಲರಿಗೂ ಈ ಆಟದ ರುಚಿ ಹತ್ತಿದೆ. ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಪಂದ್ಯಗಳನ್ನೂ ಒಟ್ಟಿಗೆ ಕೂತು ನೋಡಬೇಕೆಂದಿದ್ದೇವೆ. ಟ್ರೈಗೆ (ಎದುರಾಳಿಯ ಗೋಲ್‌ಲೈನ್ ಆಚೆ ಚೆಂಡನ್ನು ನೆಲಕ್ಕೆ ಊರುವುದು) 5, ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಪೆನಾಲ್ಟಿ ಕಿಕ್‌ಗೆ 3, ಇಷ್ಟು ಗೊತ್ತು. ತಲೆಗೆ ಹೋಗದಿರುವುದು ಒಂದೇ. ಕಂಬಗಳ ಎದುರಿಗೇ ಪೆನಾಲ್ಟಿ ಸಿಗುತ್ತದೆ, ಒದ್ದರೆ 3 ಪಾಯಿಂಟ್ ಹೆಚ್ಚುಕಡಿಮೆ ಖಾತ್ರಿ. ಆದರೂ ಕ್ಯಾಪ್ಟನ್ ಮೂಲೆಯ ಕಡೆ ಕೈ ತೋರಿಸುತ್ತಾರೆ, ಚೆಂಡು ಗೆರೆಯಾಚೆ ಹೋಗುತ್ತದೆ. ಆಮೇಲೆ ಎಲ್ಲರೂ ಒಂದು ಮುದ್ದೆಯಾಗಿ ತಳ್ಳಾಡುತ್ತಾರೆ. ನಮ್ಮ ಪೆನಾಲ್ಟಿ ಕಾರ್ನರ್ ಥರ ಇದೂ ಕಲಿತು ಮಾಡುವ ಸೆಟ್ ಆಟವೋ, ಇಲ್ಲ ಬರೀ ಜಿದ್ದೋ? ಆ ಮುದ್ದೆಯೊಳಗೆ ಏನು ನೋಡಬೇಕು?

ಪಾಯಿಂಟ್ ಪಟ್ಟಿಯ ಬೋನಸ್ ಲೆಕ್ಕವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ವಿರಾಜಪೇಟೆ ಹುಕರ್

ಜಿದ್ದಲ್ಲ, ಪಕ್ಕಾ ಲೆಕ್ಕ. ಮೊದಲು ನಿಯಮ ನೋಡಿ. ಮಾಮೂಲಿ ಆಟದಲ್ಲಿ ಚೆಂಡನ್ನು ಗೆರೆಯಾಚೆ ಒದ್ದರೆ ಸಾಮಾನ್ಯವಾಗಿ ಎದುರಾಳಿಗೆ ಎಸೆತ ಸಿಗುತ್ತದೆ. ಎರಡೂ ತಂಡದವರು ಸಾಲಾಗಿ ನಿಂತು ಆಡುವ ಈ ಎಸೆತವೇ ಲೈನ್‌ಔಟ್. ಪೆನಾಲ್ಟಿಯಿಂದ ಒದ್ದರೆ ಮಾತ್ರ ಒದ್ದ ತಂಡವೇ ಎಸೆಯುತ್ತದೆ. ಅಂದರೆ 30 ಮೀಟರ್ ಮುಂದೆ ಹೋಗಿ, ಎದುರಾಳಿಯ ಗೋಲ್‌ಲೈನ್‌ನಿಂದ 5 ಮೀಟರ್ ದೂರದಲ್ಲಿ, ಚೆಂಡು ನಿಮ್ಮ ಕೈಯಲ್ಲೇ ಇದೆ.

ಉದಾಹರಣೆಗೆ ಒಂದು ಅಂದಾಜು ಹಾಕೋಣ. ಒದೆಯುವವರು ಹತ್ತಕ್ಕೆ ಎಂಟು ಸಲ ಗುರಿ ಮುಟ್ಟಿಸುತ್ತಾರೆ ಎಂದರೆ ಒಂದು ಪೆನಾಲ್ಟಿಯ ಬೆಲೆ 2.4 ಪಾಯಿಂಟ್. ಮೂಲೆಯಲ್ಲಿ ಬಂದ ಟ್ರೈಗೆ ಕನ್ವರ್ಷನ್ ಕಷ್ಟ. ಟ್ರೈ ಊರಿದ ಜಾಗದ ನೇರಕ್ಕೇ ನಿಂತು ಒದೆಯಬೇಕಾದ್ದರಿಂದ ಪಕ್ಕದ ಗೆರೆಯಾದ ಟಚ್‌ಲೈನ್ ಹತ್ತಿರ ಕೋನ ತೀರಾ ಕಿರಿದು. ಎರಡರಲ್ಲಿ ಒಂದು ಹೋಯಿತೆಂದರೂ ಟ್ರೈ ಬೆಲೆ 6. ಹಾಗಾದರೆ ಹತ್ತು ಲೈನ್‌ಔಟ್‌ಗಳಲ್ಲಿ ನಾಲ್ಕು ಟ್ರೈ ಬಂದರೆ ಎರಡೂ ಸಮ, ಐದು ಬಂದರೆ ಮೂಲೆಯೇ ಲಾಭ. ಇಂಗ್ಲೆಂಡ್‌ನಂಥ ಗಟ್ಟಿ ಪ್ಯಾಕ್ (ತಳ್ಳಾಟದ ಎಂಟು ಮಂದಿ) ಇರುವ ತಂಡಕ್ಕೆ ಈ ಲೆಕ್ಕ ಬಾಯಿಪಾಠ. 2025ರ ಫೈನಲ್‌ನಲ್ಲಿ ಅವರು ಕೆನಡಾವನ್ನು 33-13ರಿಂದ ಸೋಲಿಸಿದರಲ್ಲ, ಆ 33ರಲ್ಲಿ ಪೆನಾಲ್ಟಿ ಗೋಲ್ ಒಂದೂ ಇಲ್ಲ. ಐದು ಟ್ರೈ, ನಾಲ್ಕು ಕನ್ವರ್ಷನ್, ಅಷ್ಟೇ.

ಇನ್ನೊಂದು ಲಾಭ ಪಟ್ಟಿಯಲ್ಲಿ ಕಾಣುವುದಿಲ್ಲ. 3 ಪಾಯಿಂಟ್ ಹೊಡೆದ ಮೇಲೆ ಆಟ ಮತ್ತೆ ನಡುಗೆರೆಯಿಂದ ಶುರು. ಮೂಲೆಯಲ್ಲಿ ಚೆಂಡು ಕಳೆದುಕೊಂಡರೂ ಎದುರಾಳಿ ತನ್ನ ಗೋಲ್‌ಲೈನ್ ಬಾಗಿಲಲ್ಲೇ ಸಿಕ್ಕಿಬಿದ್ದಿರುತ್ತದೆ, ಅಲ್ಲಿಂದ ಒದ್ದು ಹೊರಬರಬೇಕು.

ಇನ್ನು ಆ ಮುದ್ದೆ. ಅದಕ್ಕೆ ಮಾಲ್ ಎನ್ನುತ್ತಾರೆ. ಚೆಂಡು ಹಿಡಿದವರನ್ನು ಎದುರಾಳಿಯೊಬ್ಬರು ಹಿಡಿದು, ಸ್ವಂತ ತಂಡದವರೊಬ್ಬರು ಅಂಟಿಕೊಂಡು, ಮೂವರೂ ಕಾಲಮೇಲೆ ನಿಂತಿದ್ದರೆ ಮಾಲ್ ಆಯಿತು. ನಡೆಯುವ ಕ್ರಮ ಹೀಗೆ:

ಹುಕರ್ ಎಂಬ ಸ್ಥಾನದ ಆಟಗಾರ್ತಿ ಎಸೆಯುತ್ತಾರೆ. ಚೆಂಡು ಎರಡು ಸಾಲುಗಳ ನಡುವಿನ 1 ಮೀಟರ್ ಜಾಗದಲ್ಲಿ ನೇರ ಹೋಗಬೇಕು. ಹಾರುವವರನ್ನು ಇಬ್ಬರು ಎತ್ತುತ್ತಾರೆ, ಮುಂದಿನವರು ತೊಡೆ ಹಿಡಿದು, ಹಿಂದಿನವರು ಚಡ್ಡಿಯ ಅಂಚಿನಿಂದ ಮೇಲೆ ಹಿಡಿದು. ಚೆಂಡು ಹಿಡಿದವರು ಕೆಳಗಿಳಿಯುವಷ್ಟರಲ್ಲೇ ಎದುರಾಳಿಗೆ ಬೆನ್ನು ತಿರುಗಿಸಿರಬೇಕು. ಎತ್ತಿದ ಇಬ್ಬರೂ ಕೂಡಲೇ ಎಡಬಲದಲ್ಲಿ ಸೊಂಟ ತಗ್ಗಿಸಿ ಬಿಗಿಯಾಗಿ ಅಂಟಬೇಕು. ಮತ್ತೊಬ್ಬರು ಚೆಂಡು ಕಿತ್ತುಕೊಂಡು ಹಿಂದಕ್ಕೆ ದಾಟಿಸುತ್ತಾರೆ. ಎಸೆದ ಹುಕರ್ ಅಷ್ಟು ಹೊತ್ತಿಗೆ ಓಡಿಬಂದು ಕೊನೆಯಲ್ಲಿ ಸೇರಿಕೊಂಡಿರುತ್ತಾರೆ, ಚೆಂಡು ಅವರ ಕೈಗೆ. ಎಸೆಯುವ ಕೆಲಸ ಇರುವುದರಿಂದ ಕೊನೆಗೆ ಸೇರುವವರು ಅವರೇ, ಹಾಗಾಗಿ ಟ್ರೈ ಊರುವವರೂ ಅವರೇ. ಇಂಗ್ಲೆಂಡ್ ಹುಕರ್ ಏಮಿ ಕೊಕೇನ್ ಹೆಸರು ಸ್ಕೋರ್‌ಕಾರ್ಡಿನಲ್ಲಿ ಅಷ್ಟು ಸಲ ಬರುವುದು ಇದರಿಂದ.

ಗೆಲುವೋ ಸೋಲೋ ಎಂಬುದು ಇಳಿದ ಮೊದಲ ಎರಡು ಸೆಕೆಂಡಿನಲ್ಲೇ ಗೊತ್ತಾಗುತ್ತದೆ. ಚೆಂಡನ್ನು ನೋಡಬೇಡಿ, ಎತ್ತಿದ ಇಬ್ಬರ ಸೊಂಟ ನೋಡಿ. ಎದುರಾಳಿಯ ಸೊಂಟಕ್ಕಿಂತ ಅದು ಕೆಳಗಿದ್ದರೆ ಮಾಲ್ ಹೊರಟಿತು ಎಂದೇ ಲೆಕ್ಕ.

ಸೋಮವಾರಪೇಟೆ ನಂ. 8

ಹುಕರ್ ಅವರೇ, ಲೆಕ್ಕ ಸರಿ. ಕೆಡುವ ಜಾಗಗಳನ್ನು ಮಾತ್ರ ಬಿಟ್ಟಿದ್ದೀರಿ. ಅವನ್ನು ಸೇರಿಸುತ್ತೇನೆ.

ಒಂದು, ಒದೆತವೇ ಕೆಡುತ್ತದೆ. ಇನ್ನೂ ಐದು ಮೀಟರ್ ಗಿಟ್ಟಿಸುವ ಆಸೆಯಲ್ಲಿ ಚೆಂಡು ಟಚ್‌ಲೈನ್ ದಾಟದೆ ಮೈದಾನದಲ್ಲೇ ಉಳಿದರೆ ಆಟ ಮುಂದುವರಿಯುತ್ತದೆ, ಎದುರಾಳಿ ಎತ್ತಿಕೊಂಡು ಹೋಗುತ್ತಾರೆ. ಗಾಳಿ ಎದುರಿದ್ದಾಗ ಇದು ಎಷ್ಟೋ ಸಲ ಆಗುತ್ತದೆ.

ಎರಡು, ಎಸೆತ ಓರೆಯಾಗುತ್ತದೆ. ಎದುರಾಳಿಯೂ ಹಾರಿ ಪೈಪೋಟಿ ಕೊಟ್ಟಾಗ ಓರೆ ಎಸೆದರೆ ಚೆಂಡು ಅವರಿಗೆ, ಸ್ಕ್ರಮ್ (ಎರಡೂ ತಂಡದ ಎಂಟೆಂಟು ಜನ ಕೂಡಿ ತಳ್ಳಿ ಚೆಂಡಿಗೆ ಸೆಣಸುವುದು) ಬೇಕೋ ಲೈನ್‌ಔಟ್ ಬೇಕೋ ಎಂಬ ಆಯ್ಕೆಯೂ ಅವರದೇ. ಒದ್ದೆ ಚೆಂಡಿನಲ್ಲಿ ಹಿಂದಿನ ಜಿಗಿತಗಾರ್ತಿಗೆ ದೂರದ ಎಸೆತ ಅಪಾಯ, ಅದಕ್ಕೇ ಮಳೆಯಲ್ಲಿ ಎಲ್ಲರೂ ಮುಂಭಾಗಕ್ಕೆ ಎಸೆಯುತ್ತಾರೆ. ಅದು ಎದುರಾಳಿಗೂ ಗೊತ್ತಿರುತ್ತದೆ.

ಮೂರನೆಯದನ್ನು ಟೀವಿಯಲ್ಲಿ ಹಿಡಿಯುವುದು ಕಷ್ಟ. ಚೆಂಡು ಹಿಂದಿನವರ ಕೈಯಲ್ಲಿದ್ದು, ಅವರು ಗುಂಪಿನಿಂದ ಕಳಚಿಕೊಂಡರೂ ಮುಂದಿನವರು ದಾರಿ ಕಡಿಯುತ್ತಾ ನಡೆದರೆ ಅಡ್ಡಗಟ್ಟಿದಂತೆ, ಪೆನಾಲ್ಟಿ ತಿರುಗಿಬಿತ್ತು. ಪ್ರೇಕ್ಷಕರು ಬೊಬ್ಬೆ ಹೊಡೆಯುವುದು ಇಲ್ಲೇ. ಮಾಲ್ ನಿಂತುಹೋಗಿ, ರೆಫರಿ ಹೇಳಿದರೂ ಚೆಂಡು ಹೊರಬರದಿದ್ದರೆ ಸ್ಕ್ರಮ್, ಚೆಂಡು ಹಾಕುವುದು ಎದುರಾಳಿ.

ರಕ್ಷಣೆ ಮಾಡುವವರ ಮುಂದೆ ಎರಡು ದಾರಿ. ಗಾಳಿಯಲ್ಲಿ ಹಾರಿ ಚೆಂಡು ಕಸಿಯುವುದು, ಇಲ್ಲವೇ ಯಾರೂ ಹಾರದೆ ನೆಲದಲ್ಲೇ ಕಾದು, ಇಳಿದ ತಕ್ಷಣ ಎಲ್ಲರೂ ಸೇರಿ ತಳ್ಳುವುದು. ಹಾರಿದರೆ ಮೂವರು ಹಾರುವ ಕೆಲಸದಲ್ಲಿರುತ್ತಾರೆ, ಕಸಿಯಲಾಗದಿದ್ದರೆ ತಳ್ಳಲು ಜನ ಸಾಲದು. 5 ಮೀಟರ್‌ನಲ್ಲಿ ಹೆಚ್ಚಿನ ತಂಡಗಳು ನೆಲವನ್ನೇ ನಂಬುತ್ತವೆ. ಮಾಲ್ ಅನ್ನು ಬೇಕೆಂದೇ ಕೆಡವಿದರೆ ಪೆನಾಲ್ಟಿ. ಖಂಡಿತ ಟ್ರೈ ಆಗುತ್ತಿತ್ತು ಎಂದು ರೆಫರಿಗೆ ಅನಿಸಿದರೆ ಪೆನಾಲ್ಟಿ ಟ್ರೈ: ಕನ್ವರ್ಷನ್ ಇಲ್ಲದೆ ನೇರ 7 ಪಾಯಿಂಟ್, ಕೆಡವಿದವರಿಗೆ ಹಳದಿ ಕಾರ್ಡ್, 10 ನಿಮಿಷ ಹೊರಗೆ.

ಈಗ ಹಿಂದಿನ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. 2022ರ ನವೆಂಬರ್ 12, ಆಕ್ಲೆಂಡಿನ ಈಡನ್ ಪಾರ್ಕ್ (ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋದದ್ದರಿಂದ ಹೆಸರು 2021ರದ್ದು). ಸತತ 30 ಪಂದ್ಯ ಗೆದ್ದು ಬಂದಿದ್ದ ಇಂಗ್ಲೆಂಡ್, ಲಿಡಿಯಾ ಥಾಂಪ್ಸನ್‌ಗೆ 18ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಸಿಕ್ಕಿ ಒಬ್ಬರು ಕಡಿಮೆ ಇದ್ದರೂ ಮಾಲ್‌ಗಳ ಬಲದಿಂದ ಪಂದ್ಯವನ್ನು ಹಿಡಿದಿಟ್ಟಿತ್ತು. ಕೊಕೇನ್‌ಗೆ ಮೂರು ಟ್ರೈ. ಕೊನೆಯ ಕ್ಷಣಕ್ಕೆ ಸ್ಕೋರ್ ನ್ಯೂಜಿಲೆಂಡ್ 34, ಇಂಗ್ಲೆಂಡ್ 31. ಇಂಗ್ಲೆಂಡ್ ಮತ್ತೆ ಮೂಲೆಯ ಲೈನ್‌ಔಟನ್ನೇ ನಂಬಿತು. ಅಲ್ಲಿಯವರೆಗೆ ಮಾಲ್ ತಡೆಯಲು ಒದ್ದಾಡಿದ್ದ ನ್ಯೂಜಿಲೆಂಡ್ ಈ ಸಲ ಹಾರಿತು. ಜೊವಾನಾ ಎನ್‌ಗಾನ್-ವೂ ಗಾಳಿಯಲ್ಲಿ ಕೈ ಹಾಕಿ ಚೆಂಡು ಕೆಡಿಸಿದರು, ವಿಶ್ವಕಪ್ ಅಲ್ಲಿಗೆ ಮುಗಿಯಿತು.

ಗೋಣಿಕೊಪ್ಪದ ಲೆಫ್ಟ್‌ಹಾಫ್

ಅಲ್ಲ ಮಾರಾಯ್ರೇ, 3 ಪಾಯಿಂಟ್ ಹಿಂದೆ ಇದ್ದಾಗಲಾದರೂ ಕಂಬಕ್ಕೆ ಒದ್ದು ಸಮ ಮಾಡುವ ದಾರಿ ನೋಡಬೇಕಿತ್ತಲ್ಲ? ಇದು ತಪ್ಪು ನಿರ್ಧಾರ ಅಲ್ಲವಾ?

ವಿರಾಜಪೇಟೆ ಹುಕರ್

ನನ್ನ ಪ್ರಕಾರ ತಪ್ಪಲ್ಲ. ಸಮವಾದರೆ ಮುಂದೆ 10+10 ನಿಮಿಷ ಹೆಚ್ಚುವರಿ ಆಟ. ಆಗಿನ ನಿಯಮದಲ್ಲಿ ಕೆಂಪು ಕಾರ್ಡ್ ಎಂದರೆ ಪಂದ್ಯ ಮುಗಿಯುವವರೆಗೂ ಒಬ್ಬರು ಕಡಿಮೆ. ಒಂದು ಗಂಟೆ 14 ಜನರಲ್ಲಿ ಓಡಿದ ಕಾಲುಗಳಿಗೆ ಇನ್ನೂ 20 ನಿಮಿಷ ಎಂದರೆ ಸೋಲಿಗೇ ಸಹಿ ಹಾಕಿದಂತೆ. ಆ ದಿನ ಅವರ ಅತಿ ಗಟ್ಟಿ ಅಸ್ತ್ರ ಮಾಲ್, ಅದನ್ನೇ ಎತ್ತಿಕೊಂಡರು. ತಪ್ಪಿದ್ದು ಆಯ್ಕೆಯಲ್ಲಿ ಅಲ್ಲ, ಎದುರಾಳಿ ಹಾರಬಹುದು ಎಂಬ ಎಣಿಕೆಯಲ್ಲಿ. ಈಗ ಹಲವು ಟೂರ್ನಿಗಳಲ್ಲಿ ಕೆಂಪು ಕಾರ್ಡ್ ಸಿಕ್ಕರೂ 20 ನಿಮಿಷದ ನಂತರ ಬದಲಿ ಆಟಗಾರ್ತಿ ಬರಬಹುದು. ಅದೇ ಸ್ಥಿತಿ ಇವತ್ತು ಬಂದರೆ ಲೆಕ್ಕ ಬೇರೆ.

ಕಂಬಕ್ಕೆ ಒದೆಯಲೇಬೇಕಾದ ಸಂದರ್ಭಗಳೂ ಇವೆ. 5, 6 ಅಥವಾ 7 ಪಾಯಿಂಟ್ ಮುಂದಿದ್ದು ಸಮಯ ಕಡಿಮೆ ಇದ್ದರೆ 3 ತೆಗೆದುಕೊಳ್ಳಬೇಕು. ಮುನ್ನಡೆ 8 ಮುಟ್ಟಿದರೆ ಎದುರಾಳಿ ಎರಡು ಸಲ ಸ್ಕೋರ್ ಮಾಡಲೇಬೇಕು, ಏಕೆಂದರೆ ಒಂದೇ ದಾಳಿಯಲ್ಲಿ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ಹುಕರ್ ಹಳದಿ ಕಾರ್ಡ್ ತೆಗೆದುಕೊಂಡು ಹೊರಗೆ ಕೂತಿದ್ದರೂ ಅಷ್ಟೇ, ಅಭ್ಯಾಸವಿಲ್ಲದವರ ಕೈಯಲ್ಲಿ ಎಸೆಯಿಸುವುದಕ್ಕಿಂತ 3 ಪಾಯಿಂಟ್ ಮೇಲು. ಕೊನೆಯಲ್ಲಿ 10 ಹಿಂದಿದ್ದರೆ 3 ತೆಗೆದು ಅಂತರ 7ಕ್ಕೆ ಇಳಿಸಿದರೆ ಸೋತರೂ ಪಟ್ಟಿಯಲ್ಲಿ ಒಂದು ಬೋನಸ್ ಪಾಯಿಂಟ್.

ಒಂದು ಮಾತು ಬಿಟ್ಟೆ. ಗಡಿಯಾರ 80 ನಿಮಿಷ ದಾಟಿದ ಮೇಲೂ ಪೆನಾಲ್ಟಿಯನ್ನು ಗೆರೆಯಾಚೆ ಒದೆಯಬಹುದು, ಆ ಲೈನ್‌ಔಟ್ ಆಡಿಸಿಯೇ ಪಂದ್ಯ ಮುಗಿಸುತ್ತಾರೆ. ಸಮಯ ಮುಗಿಯಿತೆಂದು ಟೀವಿ ಆರಿಸಬೇಡಿ.

ಮಡಿಕೇರಿ ಸ್ಕೋರರ್

ಬೋನಸ್ ಲೆಕ್ಕವನ್ನು ಯಾರೂ ಬಿಡಿಸಿ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ.

ಸಿಕ್ಸ್ ನೇಷನ್ಸ್‌ನಲ್ಲಿ ಇಂಗ್ಲೆಂಡ್, ಫ್ರಾನ್ಸ್, ಐರ್ಲೆಂಡ್, ಇಟಲಿ, ಸ್ಕಾಟ್ಲೆಂಡ್, ವೇಲ್ಸ್. ಪ್ರತಿಯೊಬ್ಬರಿಗೂ ಐದು ಪಂದ್ಯ, ಒಟ್ಟು 15. ಗೆದ್ದರೆ 4, ಡ್ರಾಗೆ 2. ನಾಲ್ಕು ಟ್ರೈ ಹೊಡೆದರೆ ಗೆಲ್ಲಲಿ ಸೋಲಲಿ 1. ಏಳು ಅಥವಾ ಕಡಿಮೆ ಅಂತರದಲ್ಲಿ ಸೋತರೆ ಇನ್ನೊಂದು 1. 2025ರ ಕೊನೆಯ ಪಂದ್ಯದಲ್ಲಿ ಇಂಗ್ಲೆಂಡ್ ಫ್ರಾನ್ಸನ್ನು 43-42ರಿಂದ ಸೋಲಿಸಿತು. ಸೋತ ಫ್ರಾನ್ಸ್‌ಗೆ ಎರಡೂ ಬೋನಸ್ ಸಿಕ್ಕಿತು. ಮೂಲೆಗೆ ಒದೆಯುವ ಹುಚ್ಚಿಗೆ ಈ ನಾಲ್ಕನೇ ಟ್ರೈಯ ಆಸೆಯೂ ಒಂದು ಕಾರಣ. 20 ಮುಂದಿದ್ದು ಮೂರು ಟ್ರೈಗೆ ನಿಂತ ತಂಡ ಕಂಬದ ಕಡೆ ತಲೆ ಎತ್ತಿಯೂ ನೋಡುವುದಿಲ್ಲ.

ಐದಕ್ಕೆ ಐದೂ ಗೆದ್ದರೆ, ಅಂದರೆ ಗ್ರ್ಯಾಂಡ್ ಸ್ಲ್ಯಾಮ್ ಆದರೆ, ಹೆಚ್ಚುವರಿ 3. ಈ 3 ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಬೋನಸ್ ಒಂದೂ ಇಲ್ಲದೆ ಐದು ಗೆದ್ದ ತಂಡಕ್ಕೆ 20. ನಾಲ್ಕನ್ನು ಬೋನಸ್ ಸಹಿತ ಗೆದ್ದು (20), ಐದನೆಯದನ್ನು ಎರಡು ಬೋನಸ್‌ನೊಂದಿಗೆ ಸೋತ ತಂಡಕ್ಕೆ 22. ಸೋತವರು ಮೇಲೆ ಕೂರುವ ಪರಿಸ್ಥಿತಿ. 3 ಸೇರಿಸಿದರೆ ಅಜೇಯ ತಂಡಕ್ಕೆ 23, ಅಲ್ಲಿಗೆ ಸಮಸ್ಯೆ ತೀರಿತು. ಚೆಂದದ ಗಣಿತ.

ವಿಶ್ವಕಪ್‌ನಲ್ಲಿ ಈ 3 ಇಲ್ಲ. ಅಲ್ಲಿ 16 ತಂಡ, ನಾಲ್ಕು ಗುಂಪು, ಪ್ರತಿ ಗುಂಪಿನ ಮೊದಲ ಎರಡು ಕ್ವಾರ್ಟರ್‌ಫೈನಲ್‌ಗೆ. ಎರಡು ತಂಡ ಸಮ ಬಂದರೆ ಮೊದಲು ಅವರಿಬ್ಬರ ನಡುವಿನ ಪಂದ್ಯ ಗೆದ್ದವರು ಯಾರು ಎಂದು ನೋಡುತ್ತಾರೆ. ಸಿಕ್ಸ್ ನೇಷನ್ಸ್‌ನಲ್ಲಿ ಹಾಗಲ್ಲ, ಮೊದಲು ಒಟ್ಟು ಸ್ಕೋರಿನ ವ್ಯತ್ಯಾಸ, ಆಮೇಲೆ ಟ್ರೈ ಸಂಖ್ಯೆ.

ಪೊನ್ನಂಪೇಟೆ ಟರ್ಫ್

ಕೇಳದ ಪ್ರಶ್ನೆಗೆ ಉತ್ತರ, ಆದರೂ ಇರಲಿ. ಟೀವಿ ನೋಡಿ ಹುಡುಗಿಯರು ಹಾಕಿ ಟರ್ಫ್ ಮೇಲೆ ಇದನ್ನೇ ಆಡಲು ಹೋಗುವುದು ಬೇಡ. ಹಾಕಿ ಹಾಸಿನ ಎಳೆ ಗಿಡ್ಡ, ಟ್ಯಾಕಲ್ ಮಾಡಿ (ಎದುರಾಳಿಯನ್ನು ಹಿಡಿದು ಕೆಡವಿ) ಬಿದ್ದರೆ ಮೊಣಕೈ ಮೊಣಕಾಲಿನ ಚರ್ಮವೇ ಕಿತ್ತುಬರುತ್ತದೆ, ತಲೆ ಬಡಿದರೆ ತಡೆಯುವ ಮೆತ್ತನೆಯೂ ಇಲ್ಲ. ರಗ್ಬಿಗೆ ಬೇಕಾದದ್ದು ಉದ್ದ ಎಳೆಯ ಬೇರೆ ಜಾತಿಯ ಹಾಸು, ಇಲ್ಲವೇ ಒಳ್ಳೆಯ ಹುಲ್ಲು. ಅಳತೆಯೂ ಹೊಂದುವುದಿಲ್ಲ. ಹಾಕಿ ಮೈದಾನ 91.4 × 55 ಮೀಟರ್. ರಗ್ಬಿಗೆ ಗೋಲ್‌ಲೈನ್‌ನಿಂದ ಗೋಲ್‌ಲೈನ್‌ಗೆ 100 ಮೀಟರ್‌ವರೆಗೆ, ಅಗಲ 70ರವರೆಗೆ, ಅದರ ಹಿಂದೆ ಟ್ರೈ ಊರುವ ಜಾಗ ಬೇರೆ.

ಶುರು ಮಾಡುವುದಾದರೆ ಹುಲ್ಲಿನ ಮೇಲೆ ಟಚ್ ರಗ್ಬಿ ಆಡಿ, ಟ್ಯಾಕಲ್ ಬದಲು ಕೈ ಮುಟ್ಟಿದರೆ ಸಾಕು. ಲೈನ್‌ಔಟ್‌ನಲ್ಲಿ ಎತ್ತುವುದು, ಸ್ಕ್ರಮ್, ಮಾಲ್, ಈ ಮೂರನ್ನು ತರಬೇತಿ ಪಡೆದ ಕೋಚ್ ಇಲ್ಲದೆ ಮುಟ್ಟಲೇಬಾರದು. ಎತ್ತಿದವರು ಕೈ ಬಿಟ್ಟರೆ ಮೇಲಿದ್ದವರು ಬೀಳುವುದು ಕುತ್ತಿಗೆ ಮೇಲೆ.

ಭಾರತದ ಮಹಿಳೆಯರು 15 ಜನರ ರಗ್ಬಿಯನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡತೊಡಗಿದ್ದೇ 2018ರಲ್ಲಿ, ಸಿಂಗಾಪುರದಲ್ಲಿ. ಮರುವರ್ಷ ಫಿಲಿಪ್ಪೀನ್ಸ್‌ನಲ್ಲಿ ಸಿಂಗಾಪುರವನ್ನು 21-19ರಿಂದ ಸೋಲಿಸಿ ಮೊದಲ ಗೆಲುವು ಕಂಡರು.

ಮಡಿಕೇರಿ ಸ್ಕೋರರ್

ಪಂದ್ಯದ ಹೊತ್ತನ್ನೂ ಹೇಳಿಬಿಡುತ್ತೇನೆ: ಸಿಕ್ಸ್ ನೇಷನ್ಸ್ ಟೂರ್ನಿ ಏಪ್ರಿಲ್ ಹೊತ್ತಿಗೆ ಬರುತ್ತದೆ, ಆಗ ಬ್ರಿಟನ್, ಐರ್ಲೆಂಡ್ ಎರಡೂ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯದಲ್ಲಿರುತ್ತವೆ. ಅಲ್ಲಿಯ ಗಂಟೆಗೆ ನಾಲ್ಕೂವರೆ ಕೂಡಿಸಿ. ಮಧ್ಯಾಹ್ನ 3 ಎಂದರೆ ನಮಗೆ ರಾತ್ರಿ 7.30. ಫ್ರಾನ್ಸ್, ಇಟಲಿಯಲ್ಲಿ ನಡೆದರೆ ಮೂರೂವರೆ ಕೂಡಿಸಿ. ಅದೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋಗುವುದು ಮಾಮೂಲಿ, ಫೋನ್ ಚಾರ್ಜ್ ಮಧ್ಯಾಹ್ನವೇ ಮಾಡಿಟ್ಟುಕೊಳ್ಳಿ.