ಅಪ್‌ಡೇಟ್: ಅಮ್ಮನ ಕೈನೋವು, ಕೌದಿ ಹೊಲಿಗೆ, ಕೊನೆಗೆ ಏನು ವರ್ಕ್ ಆಯ್ತು

ಹೆಬ್ಬೆರಳ ಬುಡದಲ್ಲಿ ಆರ್ಥ್ರೈಟಿಸ್ ಇರೋ ಅಮ್ಮಂಗೆ ಕೌದಿ (ಹಳೇ ಬಟ್ಟೆ ಪದರ ಪದರ ಇಟ್ಟು ಕೈಯಲ್ಲಿ ಹೊಲಿಯೋ ಹೊದಿಕೆ) ಹೊಲಿಯೋಕೆ ಏನಾದ್ರೂ ಟೂಲ್ ಇದ್ಯಾ ಅಂತ ಕೇಳಿದ್ನಲ್ಲ, ಹೊಲಿಗೆ ಮತ್ತೆ ಶುರುವಾಗಿದೆ. ಗೆದ್ದಿದ್ದು ಎಲ್ಲಕ್ಕಿಂತ ಚೀಪ್ ಐಡಿಯಾ. ನೋಟು ಎಣಿಸೋರು ಬೆರಳಿಗೆ ಹಾಕ್ಕೊಳ್ತಾರಲ್ಲ ಆ ರಬ್ಬರ್ ಟೋಪಿ, ಅದನ್ನ ಹೆಬ್ಬೆರಳಿಗೂ ತೋರುಬೆರಳಿಗೂ ಹಾಕ್ಕೊಂಡ್ರೆ ಸೂಜಿ ಜಾರಲ್ಲ, ಹಂಗಾಗಿ ಗಟ್ಟಿಯಾಗಿ ಚಿವುಟಿ ಎಳೆಯೋ ಕೆಲ್ಸನೇ ಇಲ್ಲ, ನೋವು ಜಾಸ್ತಿ ಆಗ್ತಿದ್ದಿದ್ದೇ ಆ ಹಿಡಿತದಿಂದ. ಹೇಳಿದವರಿಗೆ ಅಮ್ಮನ ಕಡೆಯಿಂದ ಹೋಳಿಗೆ ಬಾಕಿ ಇದೆ!

ಸ್ಪ್ರಿಂಗ್ ಕತ್ತರಿನೂ ಚೆನ್ನಾಗಿದೆ, ತಾನೇ ತೆರ್ಕೊಳ್ಳುತ್ತೆ. ರೋಟರಿ ಕಟ್ಟರ್ (ಉರುಳಿಸಿ ಬಟ್ಟೆ ಕತ್ತರಿಸೋ ದುಂಡು ಬ್ಲೇಡ್) ಮಾತ್ರ ನಮಗೆ ಆಗ್ಲಿಲ್ಲ, 45 ಎಂಎಂ ಬ್ಲೇಡ್‌ದು ತರಿಸಿದ್ವಿ, ಹಳೇ ಸೀರೆ ನಾಲ್ಕು ಪದರ ಇಟ್ಟು ಒತ್ತಿ ಉರುಳಿಸಿದ್ರೆ ಆ ಭಾರ ಪೂರ್ತಿ ಮಣಿಕಟ್ಟಿಗೆ ಬೀಳುತ್ತೆ, ಈಗ ಆ ಕಟ್ಟರ್ ನನ್ನ ಪಾಲಿಗೆ. ಸೀಳು ಕಣ್ಣಿನ ಸೂಜಿ (ದಾರ ಮೇಲಿಂದ ಒತ್ತಿದ್ರೆ ಕಣ್ಣೊಳಗೆ ಹೋಗುತ್ತಲ್ಲ, ಅದು) ಕೌದಿ ದಾರಕ್ಕೆ ಸರಿಹೋಗಲ್ಲ, ದಾರ ಎಳೆಎಳೆ ಆಗುತ್ತೆ. ದಾರ ಪೋಣಿಸೋಕೆ ತಂತಿ ಥ್ರೆಡರ್ ಸಾಕು. ಕೈನ ಬಿಗಿಯಾಗಿ ಹಿಡಿಯೋ ಕಂಪ್ರೆಶನ್ ಗ್ಲೌಸ್ ಬೆಳಗ್ಗೆ ಹಿತ ಅಂತಾರೆ ಅಮ್ಮ, ಮಧ್ಯಾಹ್ನ ಸೆಕೆಗೆ ಕಿತ್ತು ಬಿಸಾಕ್ತಾರೆ.

ಯಾರೂ ಹೇಳದೆ ಗೊತ್ತಾಗಿದ್ದು ಒಂದಿದೆ. ಅರ್ಧ ತೊಂದ್ರೆ ಇದ್ದಿದ್ದು ಒಳಗಿನ ಪದರದಲ್ಲಿ. ಮೊದಲು ಒಳಗೆ ಹಾಕ್ತಿದ್ದಿದ್ದು ಪಾಲಿಯೆಸ್ಟರ್ ಬಟ್ಟೆ, ಅದರ ನೇಯ್ಗೆ ಬಿಗಿ, ಸೂಜಿ ಸಿಕ್ಕಾಕ್ಕೊಳ್ತಿತ್ತು. ಒಗೆದು ಒಗೆದು ಸವೆದ ಕಾಟನ್ ಸೀರೆ ಹಾಕಿದ್ಮೇಲೆ ಸೂಜಿ ಸಲೀಸಾಗಿ ಹೋಗುತ್ತೆ. ಅದಕ್ಕೇ ಈಗ ನನ್ನ ಹಳೇ ಕಾಟನ್ ಸೀರೆಗಳ ಮೇಲೂ ಅವರ ಕಣ್ಣು ಬಿದ್ದಿದೆ.