‘ನನ್ನ ಕಳಿಸಿಕೊಡಮ್ಮ’ ಅನ್ನುವ ಅಪ್ಪನಿಗೆ ಏನು ಹೇಳಲಿ?

ಕಳೆದ ಸಂಚಿಕೆಯ ಸಮಸ್ಯೆ: ಅಪ್ಪನಿಗೆ 76 ವರ್ಷ. ಗಂಟಲಿನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಇನ್ನು ವಾಸಿಯಾಗದು ಎಂದು ಡಾಕ್ಟರು ಹೇಳಿದ್ದಾರೆ. ರಾತ್ರಿ ಹೊತ್ತು ನನ್ನ ಕೈ ಹಿಡಿದು ‘ಸಾಕಾಯ್ತು, ನನ್ನ ಕಳಿಸಿಕೊಡಮ್ಮ’ ಎನ್ನುತ್ತಾರೆ. ‘ಜೈನರಲ್ಲಿ ಅನ್ನ-ನೀರು ಬಿಟ್ಟು ಪ್ರಾಣ ಬಿಡೋ ಸಲ್ಲೇಖನ ವ್ರತ ತಗೊಂಡವರಿಗೆ ಕೈ ಮುಗೀತೀವಿ. ನಾನು ಹೋಗ್ತೀನಿ ಅಂದ್ರೆ ಅದ್ಯಾಕೆ ಪಾಪ?’ ಎಂದು ಕೇಳುತ್ತಾರೆ. ಏನು ಉತ್ತರ ಕೊಡಲಿ?
– ಓದುಗರು, ಹಾಸನ ಜಿಲ್ಲೆ

ತಂಗಿ, ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಹೇಳಿದವರನ್ನು ಪಾಪಿ ಎಂದು ಒಮ್ಮೆಯೂ ಅಂದುಕೊಂಡಿಲ್ಲ. ಹಾಗಂತ ಆ ಮಾತನ್ನು ಅವರ ಕೊನೆಯ ತೀರ್ಮಾನ ಎಂದೂ ತಿಳಿದಿಲ್ಲ.

ಅಪ್ಪನಿಗೆ ನೋವಿಗೆ ಏನು ಕೊಡುತ್ತಿದ್ದೀರಿ? ನಿಮ್ಮ ಪತ್ರದಲ್ಲಿ ಅದೊಂದು ಇಲ್ಲ. ನನ್ನ ಅತ್ತೆಗೂ ಹೀಗೇ ಮೂಳೆಗೆ ಹರಡಿತ್ತು. ಮಗ್ಗುಲು ಬದಲಿಸಬೇಕೆಂದರೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು, ಮಕ್ಕಳಿಗೆ ಕೂಗು ಕೇಳಬಾರದೆಂದು. ‘ನನ್ನ ಕೊಂದುಬಿಡೇ’ ಎಂದು ನನ್ನನ್ನೇ ಬೇಡಿದ್ದರು. ಅಲ್ಲಿಯವರೆಗೆ ಕೊಡುತ್ತಿದ್ದದ್ದು ಸಾಮಾನ್ಯ ನೋವಿನ ಮಾತ್ರೆ. ಆಮೇಲೆ ಪ್ಯಾಲಿಯೇಟಿವ್ ಕೇರ್, ಅಂದರೆ ವಾಸಿಯಾಗದ ರೋಗದಲ್ಲಿ ನೋವು-ಸಂಕಟ ಇಳಿಸುವ ಆರೈಕೆಯ ಡಾಕ್ಟರೊಬ್ಬರು ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಶುರು ಮಾಡಿದರು. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ. ಜೊತೆಗೆ ಮಲಬದ್ಧತೆ ಆಗದಂತೆ ಇನ್ನೊಂದು ಔಷಧಿ. ‘ಚಟ ಹತ್ತುತ್ತೆ’ ಎಂದು ನೆಂಟರೆಲ್ಲ ಹೆದರಿಸಿದರು. ನಾನು ಕೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಗಂಜಿ ಬಟ್ಟಲು ನೋಡಿ, ‘ಅಪ್ಪೆಮಿಡಿ ಖಾಲಿಯಾಯ್ತಾ?’ ಎಂದರು! ಏಳು ವಾರ ಇದ್ದರು. ಸಾವಿನ ಮಾತು ಆಮೇಲೂ ಬಂತು, ಆದರೆ ನನ್ನನ್ನು ಬೇಡುವ ದನಿ ಮತ್ತೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಸರಿಯೋ ತಪ್ಪೋ ಎಂಬ ಚರ್ಚೆ ಆಮೇಲಿರಲಿ. ಮೊದಲು ನೋವು ಇಳಿಸಿ. ದೊಡ್ಡ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಎಲ್ಲಿದೆ ಎಂದು ಕೇಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಇನ್ನೊಂದು ಮಾತು. ‘ಐಸಿಯು ಬೇಡ, ವೆಂಟಿಲೇಟರ್ ಬೇಡ’ ಎಂದು ಅಪ್ಪ ಹೇಳಿದರೆ ಅದು ಆತ್ಮಹತ್ಯೆ ಅಲ್ಲ. ನಮ್ಮ ಹಳದಿಪುರದ ಹುಡುಗಿ ಅರುಣಾ ಶಾನಭಾಗ್ ಮುಂಬೈನಲ್ಲಿ ನರ್ಸ್ ಆಗಿದ್ದಳು; ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ ಅದೇ ಆಸ್ಪತ್ರೆಯಲ್ಲಿ 1973ರಿಂದ 2015ರವರೆಗೆ, ಹೆಚ್ಚುಕಡಿಮೆ 42 ವರ್ಷ ಹಾಸಿಗೆಯಲ್ಲಿದ್ದಳು. ಅಲ್ಲಿನ ನರ್ಸುಗಳು ಅವಳನ್ನು ಕೈಬಿಡಲಿಲ್ಲ. 2011ರಲ್ಲಿ ಅವಳ ಕೇಸಿನಲ್ಲೇ ಸುಪ್ರೀಂ ಕೋರ್ಟು, ಬರೀ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ವಿಷಯಕ್ಕೆ ಮೊದಲ ಬಾಗಿಲು ತೆರೆಯಿತು. 2018ರಲ್ಲಿ, ಇಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಒಪ್ಪಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯ್ತು. ನಮ್ಮ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಆದರೆ ಬೇಕೆಂದೇ ಪ್ರಾಣ ತೆಗೆಯುವುದನ್ನು ಕಾನೂನು ಒಪ್ಪುವುದಿಲ್ಲ. ನಾನೂ ಒಪ್ಪಲಾರೆ. ನೋವೇ ಅಪ್ಪನ ಬಾಯಲ್ಲಿ ಮಾತಾಡುತ್ತಿರುವಾಗ, ಅವರ ಸ್ವಂತ ಇಷ್ಟ ಯಾವುದು ಅಂತ ನಮಗೆ ಹೇಗೆ ತಿಳಿಯಬೇಕು?
– ನಿವೃತ್ತ ನರ್ಸ್, ಹೊನ್ನಾವರ

ಸಲ್ಲೇಖನದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಜೈನರ ಮನೆ. ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾದದ್ದೇ. ರಾಜಸ್ಥಾನ ಹೈಕೋರ್ಟ್ ಕೂಡ 2015ರಲ್ಲಿ ಸಲ್ಲೇಖನ ಆತ್ಮಹತ್ಯೆಗೆ ಸಮ ಎಂದಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ತೆಗೆದುಕೊಂಡವರ ನೆನಪಿನ ಶಾಸನಗಳನ್ನು ನೋಡಿ ಅದು ಸುಲಭ ಎಂದುಕೊಳ್ಳಬೇಡಿ. ಬರ, ಮುಪ್ಪು, ರೋಗ ಯಾವುದೇ ಇರಲಿ, ಅದಕ್ಕೆ ಪರಿಹಾರವೇ ಇಲ್ಲ ಎಂದಾಗ ಮಾತ್ರ ಸಲ್ಲೇಖನ ಎಂದು ಹಿಂದಿನ ಕಾಲದ ಜೈನ ಗುರು ಸಮಂತಭದ್ರಾಚಾರ್ಯರು ಹೇಳಿದ್ದಾರೆ. ವ್ರತ ಹಿಡಿದ ಮೇಲೂ ‘ಸಾವು ಬೇಗ ಬರಲಿ’ ಎಂದು ಆಸೆಪಟ್ಟರೆ ಅದು ದೋಷ. ಮರಣಾಶಂಸೆ ಎನ್ನುತ್ತಾರೆ. ಬದುಕಬೇಕೆಂಬ ಆಸೆ ಹೇಗೆ ದೋಷವೋ ಹಾಗೇ ಇದೂ. ನೋವು ತಾಳಲಾರದೆ ಹೊರಡುವುದಕ್ಕೆ ಅಲ್ಲಿ ಜಾಗ ಇಲ್ಲ.

ತಾತ ತೀರಿಕೊಂಡ ವರ್ಷ ನಮ್ಮ ಅಜ್ಜಿ ಮುನಿಗಳ ಹತ್ತಿರ ಹೋಗಿ ಸಲ್ಲೇಖನ ಕೇಳಿದರು. ‘ನಿಮ್ಮದು ದುಃಖ ಅಮ್ಮಾ. ಅದು ಇಳಿಯಲಿ, ಆಮೇಲೆ ಬನ್ನಿ’ ಎಂದು ಕಳಿಸಿಬಿಟ್ಟರು. ಅಜ್ಜಿ ಹನ್ನೊಂದು ವರ್ಷ ಇದ್ದರು. ಮತ್ತೆ ಕೇಳಲಿಲ್ಲ.
– ಓದುಗರು, ಮೂಡಬಿದಿರೆ

ಅಕ್ಕಾ, ದಯವಿಟ್ಟು ‘ಹಾಗೆಲ್ಲ ಮಾತಾಡಬಾರದು ಅಪ್ಪ’ ಎಂದು ಬಾಯಿ ಮುಚ್ಚಿಸಬೇಡಿ. ನಾನು ಮುಚ್ಚಿಸಿದ್ದೆ. ನನ್ನ ಅಣ್ಣ ಗದ್ದೆ ಬದುವಿನ ಮೇಲೆ ಕೂತು ‘ಸಾಕಾಯ್ತು ಕಣೋ’ ಎಂದಾಗ, ‘ಸುಮ್ನಿರೋ, ಹುಚ್ಚಾ ನಿಂಗೆ’ ಎಂದೆ. ಮತ್ತೆ ಅವನು ಹೇಳಲಿಲ್ಲ. ಎರಡು ತಿಂಗಳಿಗೆ ಹೋಗಿಬಿಟ್ಟ. ಸಾಲ ಇತ್ತು. ಅವನದು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ, ಸರಿ ಅನ್ನೋಕೂ ಆಗಲ್ಲ. ಆ ಸಾಲವನ್ನು ನಾವು ಮೂವರು ತಮ್ಮಂದಿರು ಸೇರಿ ಮೂರು ವರ್ಷದಲ್ಲಿ ತೀರಿಸಿದೆವು. ಅವನು ಇದ್ದಿದ್ದರೂ ತೀರುತ್ತಿತ್ತು.

‘ಸಾಯಬೇಕು ಅನ್ನಿಸುತ್ತಾ’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಎಂದು ಹೆದರಬೇಡಿ, ಹಾಗಾಗಲ್ಲ. ನಿಮಗೂ ಭಾರ ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇವತ್ತು ರಾತ್ರಿ ಅಪ್ಪ ಕೈ ಹಿಡಿದಾಗ ಲೈಟು ಹಾಕಿ, ಪಕ್ಕದಲ್ಲಿ ಕೂತು ಕೇಳಿ: ‘ಯಾವುದು ಸಾಕಾಯ್ತು ಅಪ್ಪಾ?’
– ಓದುಗರು, ಮಂಡ್ಯ ಜಿಲ್ಲೆ